ಚಳಿಗೆ ಮುಂಚೆ ನೀರು ನಿಲ್ಲಿಸಿ: ಕುಂಡದ ಸಕ್ಯುಲೆಂಟ್‌ಗಳ ಜೊತೆ ನನ್ನ ಅನುಭವ

2021ರ ಫೆಬ್ರವರಿ ಚಳಿಯನ್ನು ಅಮೆರಿಕದ ಟೆಕ್ಸಸ್‌ನ ಡಲ್ಲಾಸ್ ಸುತ್ತಮುತ್ತ ಇದ್ದವರು ಯಾರೂ ಮರೆತಿಲ್ಲ. 16ನೇ ತಾರೀಕು ಮೈನಸ್ 2 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು ಮೈನಸ್ 19 ಸೆಲ್ಸಿಯಸ್. ಪ್ಲೇನೋದ ನಮ್ಮ ಮನೆಯಲ್ಲಿ ಕರೆಂಟು ಹೋಗಿ ಬಂದು ಮಾಡುತ್ತಿತ್ತು. ಕುಂಡಗಳನ್ನೆಲ್ಲ ಗ್ಯಾರೇಜಿಗೆ ಸೇರಿಸಿ ನೆಮ್ಮದಿಯಾಗಿದ್ದೆ.

ಎರಡು ದಿನ ಮೊದಲು ಹೆಚ್ಚುಕಮ್ಮಿ ಎಲ್ಲದಕ್ಕೂ ಚೆನ್ನಾಗಿ ನೀರು ಹಾಕಿದ್ದೆ. ಹಿಮ ಬೀಳುವ ಮುಂಚೆ ಗಿಡಕ್ಕೆ ನೀರು ಕೊಡಬೇಕು ಅಂತ ಇಲ್ಲಿ ಎಲ್ಲರೂ ಹೇಳುತ್ತಾರೆ. ನೆಲದಲ್ಲಿರುವ ಪೊದೆಗಳಿಗೆ ಅದು ಸರಿ. ಎಲೆ, ಕಾಂಡದಲ್ಲೇ ನೀರು ತುಂಬಿಟ್ಟುಕೊಳ್ಳುವ ಸಕ್ಯುಲೆಂಟ್‌ಗೆ ತದ್ವಿರುದ್ಧ.

ಕರೆಂಟು ಬಂದ ಮೇಲೆ ಹೋಗಿ ನೋಡಿದರೆ ಆರು ವರ್ಷದ ಜೇಡ್ ಗಿಡದ ಎಲೆಗಳು ಗಾಜಿನ ಹಾಗೆ ಹೊಳೆಯುತ್ತಿದ್ದವು. ಒಂದನ್ನು ಒತ್ತಿದೆ. ಬೆಂದ ಬದನೆಕಾಯಿ ಹಾಗೆ ಕುಸಿದು ಬೆರಳೆಲ್ಲ ನೀರಾಯಿತು. ಒಳಗಿನ ನೀರು ಹೆಪ್ಪುಗಟ್ಟಿ ಜೀವಕೋಶಗಳೇ ಒಡೆದುಹೋಗಿದ್ದವು. ತುಂಬಾ ಅಳು ಬಂತು. ಶೆಲ್ಫಿನ ಮೂಲೆಯಲ್ಲಿ ತಿಂಗಳಿಂದ ನೀರು ಕಾಣದ ಹಾವರ್ಥಿಯಾ ಅನ್ನೋ ಪುಟ್ಟ ಸಕ್ಯುಲೆಂಟ್ ಮಾತ್ರ ಸುಕ್ಕುಗಟ್ಟಿಕೊಂಡು ಗಟ್ಟಿಯಾಗಿ ಕೂತಿತ್ತು. ನನಗೆ ಪಾಠ ಹೇಳಿದ್ದು ಅದೇ.

ಈಗ ನವೆಂಬರ್ ಶುರುವಾಗುತ್ತಿದ್ದಂತೆ ನೀರು ಕಡಿಮೆ ಮಾಡುತ್ತೇನೆ. ಬಿದಿರು ಕಡ್ಡಿಯನ್ನು ಕುಂಡದ ತಳದವರೆಗೆ ಚುಚ್ಚಿ ತೆಗೆದಾಗ ಒಂದು ಚೂರೂ ಮಣ್ಣು ಅಂಟಿರಬಾರದು. ಕುಂಡ ಎತ್ತಿದರೂ ಗೊತ್ತಾಗುತ್ತೆ, ಹಗುರ ಇರುತ್ತೆ. ಮಣ್ಣಿಗೆ ಅರ್ಧಕ್ಕರ್ಧ ಪರ್ಲೈಟ್ (ಹಗುರವಾದ ಬಿಳಿ ಕಲ್ಲಿನ ಚೂರು) ಬೆರೆಸಿರುವುದರಿಂದ ಬೇಗ ಒಣಗುತ್ತದೆ. ಚಳಿಮಳೆ ಬೀಳದ ಹಾಗೆ ಸೂರಿನ ಕೆಳಗೆ, ದಕ್ಷಿಣದ ಇಟ್ಟಿಗೆ ಗೋಡೆಗೆ ಒತ್ತಿಸಿ ಇಡುತ್ತೇನೆ. ಹಗಲಿನ ಬಿಸಿಲನ್ನು ಆ ಗೋಡೆ ರಾತ್ರಿಗೆ ಸ್ವಲ್ಪ ಉಳಿಸಿಕೊಡುತ್ತೆ.

ರಾತ್ರಿ 40 ಫ್ಯಾರನ್‌ಹೀಟ್‌ಗಿಂತ (ಸುಮಾರು 4 ಸೆಲ್ಸಿಯಸ್) ಕೆಳಗೆ ಅಂತ ಹವಾಮಾನದವರು ಹೇಳಿದರೆ ಜೇಡ್, ಲೋಳೆಸರ, ಕಲಂಚೋ ಮನೆಯೊಳಗೆ. ಎಚೆವೇರಿಯಾ ಇನ್ನೂ ಸ್ವಲ್ಪ ತಡೆಯುತ್ತದೆ. ಸೆಂಪರ್‌ವೈವಮ್ ಹೊರಗೇ ಇರಲಿ, ಅದು ಹಿಮಕ್ಕೇ ಹುಟ್ಟಿದ ಗಿಡ.

ಒಳಗೆ ತರಲಾಗದ ದೊಡ್ಡ ಕುಂಡಗಳಿಗೆ ಹಳೇ ಕಾಟನ್ ಬೆಡ್‌ಶೀಟ್. ಸುತ್ತ ನಾಲ್ಕು ಕೋಲು ನೆಟ್ಟು, ಗಿಡಕ್ಕೆ ತಾಗದಂತೆ, ಕತ್ತಲಾಗುವ ಮೊದಲೇ ನೆಲದವರೆಗೆ ಹೊದಿಸಬೇಕು. ಪ್ಲಾಸ್ಟಿಕ್ ಬೇಡ, ಅದು ತಾಗಿದ ಕಡೆಯೆಲ್ಲ ಎಲೆ ಸುಡುತ್ತದೆ. ಒಳಗೆ ಹಳೇ ಕಾಲದ ಕ್ರಿಸ್‌ಮಸ್ ದೀಪದ ಸರ ಇಡುತ್ತೇನೆ. ಎಲ್‌ಇಡಿ ಸರ ಇಟ್ಟರೆ ಸುಮ್ನೆ, ಅದರಲ್ಲಿ ಶಾಖ ಎಲ್ಲಿದೆ? ಬೆಳಿಗ್ಗೆ ಬಿಸಿಲು ಬಂದ ಕೂಡಲೇ ಹೊದಿಕೆ ತೆಗೆಯುತ್ತೇನೆ.

ಮನೆಯೊಳಗೆ ಬಂದವಕ್ಕೆ ತಿಂಗಳಿಗೊಮ್ಮೆ ಅರ್ಧ ಲೋಟ ನೀರು, ಅಷ್ಟೇ. ಕಿಟಕಿ ಬೆಳಕು ಸಾಲದೆ ಎಚೆವೇರಿಯಾ ಕತ್ತು ಚಾಚಿದ್ದು ನೋಡಿ ಗಿಡಗಳಿಗೆ ಬೆಳಕು ಕೊಡುವ ಗ್ರೋ ಲೈಟ್ ಹಾಕಿದೆ.

ಚಳಿ ಹೊಡೆದ ಗಿಡವನ್ನು ತಕ್ಷಣ ಕಿತ್ತು ಬಿಸಾಡಬೇಡಿ. ನನ್ನ ಜೇಡ್‌ನ ಬುಡ ಗಟ್ಟಿಯಾಗಿತ್ತು. ಕೊಳೆತದ್ದನ್ನೆಲ್ಲ ಗಟ್ಟಿ ಕಾಂಡ ಸಿಗುವವರೆಗೆ ಕತ್ತರಿಸಿ, ಒಂದು ಹನಿ ನೀರೂ ಕೊಡದೆ ಬಿಟ್ಟೆ. ಏಪ್ರಿಲ್ ಕೊನೆಗೆ ಗಿಣ್ಣಿನ ಹತ್ತಿರ ಸಾಸಿವೆ ಕಾಳಿನಷ್ಟು ಹಸಿರು ಕಂಡಿತು. ಆಮೇಲೆ ಒಂದು ವಾರ ಕಾದು ಮೊದಲ ನೀರು ಹಾಕಿದೆ.