ಕೊಡಗಿನ ವಯಸ್ಕರಿಗೆ ಇಂಗ್ಲಿಷ್: ಮೊಬೈಲ್ ಪಾಠವನ್ನೂ ತರಗತಿಯನ್ನೂ ಜೋಡಿಸುವ ಬಗೆ

ಹೋಂಸ್ಟೇ, ಎಸ್ಟೇಟ್ ಕಚೇರಿ, ಬಾಡಿಗೆ ಜೀಪುಗಳಲ್ಲಿ ದುಡಿಯುವ ವಯಸ್ಕರಿಗೆ ಇಂಗ್ಲಿಷ್ ಕಲಿಸುವವರು ವೇಳಾಪಟ್ಟಿಯನ್ನು ಕಾಫಿ ಮತ್ತು ಮಳೆಯ ಲೆಕ್ಕ ನೋಡಿ ಹಾಕಬೇಕು. ನವೆಂಬರಿನ ಹೊತ್ತಿಗೆ ಅರೇಬಿಕಾ, ಜನವರಿಯಿಂದ ರೋಬಸ್ಟಾ ಕೊಯ್ಲು ಶುರುವಾದರೆ ಸಂಜೆಯ ಬಿಡುವು ಸಿಗುವುದಿಲ್ಲ. ಜೂನ್ ದಾಟಿದ ಮೇಲೆ ಬಿಡುವಿದ್ದರೂ ಭಾಗಮಂಡಲ, ನಾಪೋಕ್ಲು ಕಡೆಯ ರಸ್ತೆಗಳು ಎಷ್ಟೋ ದಿನ ನೀರಿನಲ್ಲಿರುತ್ತವೆ. ಆದ್ದರಿಂದ ವಾರಕ್ಕೊಂದು ತರಗತಿ, ಉಳಿದ ದಿನಗಳಲ್ಲಿ ಮನೆಯಲ್ಲೇ ಹದಿನೈದು ನಿಮಿಷದ ಅಭ್ಯಾಸ ಎಂಬ ಏರ್ಪಾಡು ಇಲ್ಲಿಗೆ ಒಪ್ಪುತ್ತದೆ.

ಗುರಿ ಚಿಕ್ಕದಿರಲಿ. ಯುರೋಪ್ ಕೌನ್ಸಿಲ್ 2001ರಲ್ಲಿ ಪ್ರಕಟಿಸಿದ ಭಾಷಾ ಸಾಮರ್ಥ್ಯದ ಆರು ಹಂತಗಳಲ್ಲಿ ಮೊದಲನೆಯದಾದ ಎ1, ತನ್ನ ಪರಿಚಯ ಹೇಳಿಕೊಳ್ಳುವುದು ಮತ್ತು ಸರಳ ಪ್ರಶ್ನೆ ಕೇಳುವುದನ್ನು ಬಯಸುತ್ತದೆ. ಅತಿಥಿಯನ್ನು ಬರಮಾಡಿಕೊಳ್ಳುವ ಕೆಲಸದ ಆರಂಭಕ್ಕೆ ಅದು ಸಾಕು.

ಕೇಳಿಸಿಕೊಳ್ಳುವುದು, ಪದ ಕಲಿಯುವುದು ಮನೆಯಲ್ಲಿ ಆಗಲಿ. ಶಿಕ್ಷಕರು ಎರಡು ನಿಮಿಷದ ಧ್ವನಿಯನ್ನು ಕನ್ನಡದ ವಿವರಣೆಯೊಂದಿಗೆ ವಾಟ್ಸಾಪಿನಲ್ಲಿ ಕಳಿಸಬೇಕು. ಒಮ್ಮೆ ಇಳಿಸಿಕೊಂಡರೆ ಸಿಗ್ನಲ್ ಇಲ್ಲದಾಗಲೂ ಅದನ್ನು ಕೇಳಬಹುದು. ಕೊಡವ ತಕ್ಕ್, ಅರೆಭಾಷೆ, ಮಲಯಾಳಂ ಆಡುವವರು ಒಟ್ಟಿಗೆ ಕೂರುವ ಗುಂಪಿಗೆ ಕನ್ನಡವೇ ನಡುವಿನ ಭಾಷೆ. ಬಿಬಿಸಿ ಲರ್ನಿಂಗ್ ಇಂಗ್ಲಿಷಿನ ಉಚಿತ ಪಾಠಗಳು ಚೆನ್ನಾಗಿವೆ, ಆದರೆ ಹೊಸಬರಿಗೆ ಯಾವುದನ್ನು ಕೇಳಬೇಕೆಂದು ಶಿಕ್ಷಕರೇ ಆರಿಸಿಕೊಡಬೇಕು.

ಕಲಿಯುವವರು ಉತ್ತರವನ್ನು ಧ್ವನಿಯಲ್ಲೇ ಕಳಿಸಲಿ; ತಿದ್ದುಪಡಿ ಮಾತ್ರ ಖಾಸಗಿಯಾಗಿ ಹೋಗಲಿ. ಮೊದಲ ವರ್ಷ ನಾನು ಗುಂಪಿನಲ್ಲೇ ತಿದ್ದಿದೆ; ಮನೆಯಲ್ಲಿ ಮೊಮ್ಮಕ್ಕಳಿರುವ ಒಬ್ಬ ಜೀಪು ಚಾಲಕರು ಮರುದಿನದಿಂದ ಏನನ್ನೂ ಕಳಿಸಲಿಲ್ಲ. ಆ ತಪ್ಪು ನನಗೆ ಇಂದಿಗೂ ನೋವು ಕೊಡುತ್ತದೆ.

ತರಗತಿಯ ಸಮಯವನ್ನೆಲ್ಲ ಬಾಯಿಬಿಟ್ಟು ಮಾತನಾಡುವುದಕ್ಕೇ ಮೀಸಲಿಡಬೇಕು, ಏಕೆಂದರೆ ತುಟಿ ಹೇಗೆ ಚಲಿಸುತ್ತದೆಂಬುದು ಧ್ವನಿಸಂದೇಶದಲ್ಲಿ ಕಾಣುವುದಿಲ್ಲ. ಇಂಗ್ಲಿಷಿನಲ್ಲಿ ಕರಿಮೆಣಸಿನ ಬಳ್ಳಿಯೂ (vine) ಕುಡಿಯುವ ದ್ರಾಕ್ಷಾರಸವೂ (wine) ಕನ್ನಡ ಲಿಪಿಯಲ್ಲಿ ‘ವೈನ್’ ಎಂದೇ ಆಗುತ್ತವೆ. ಮೊದಲನೆಯದಕ್ಕೆ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು, ಎರಡನೆಯದಕ್ಕೆ ಹಲ್ಲು ತಾಗದೆ ತುಟಿಗಳು ದುಂಡಗಾಗಬೇಕು. ಒಂದು ಕೈಗನ್ನಡಿ ಕೊಟ್ಟು, ತೋಟ ತೋರಿಸುವ ಮಾತುಗಳಲ್ಲಿ ಎರಡನ್ನೂ ಹೇಳಿಸಿ. ‘ಬಸ್ಸು’, ‘ಕಾರು’ ಎಂದು ಕೊನೆಗೆ ಉಕಾರ ಸೇರಿಸುವ ನಮ್ಮ ರೂಢಿಯನ್ನೂ ಹೀಗೆಯೇ ಎದುರೆದುರು ಕೂತು ಬಿಡಿಸಬೇಕು. ಬಳಿಕ ಒಬ್ಬರು ಅತಿಥಿ, ಇನ್ನೊಬ್ಬರು ಮನೆಯವರಾಗಿ ‘ವಾಟ್ ಟೈಮ್ ವುಡ್ ಯು ಲೈಕ್ ಬ್ರೇಕ್‌ಫಾಸ್ಟ್?’ ಎಂಬಲ್ಲಿಂದ ಸಂಭಾಷಣೆ ನಡೆಸಲಿ.

ಮಳೆಯಿಂದ ತರಗತಿ ತಪ್ಪಿದ ವಾರ ವಿಡಿಯೋ ಕರೆಗೆ ಹೆಣಗಬೇಡಿ. ಅದೇ ಜೋಡಿಗಳು ಸಾಮಾನ್ಯ ಫೋನ್ ಕರೆಯಲ್ಲಿ ಐದು ನಿಮಿಷ ಅದೇ ಸಂಭಾಷಣೆಯನ್ನು ಆಡಲಿ. ಮುಖ ಕಾಣದೆ ಇಂಗ್ಲಿಷ್ ಆಡುವುದು, ಕೊಠಡಿ ಕಾಯ್ದಿರಿಸಲು ಬರುವ ಕರೆಗಳಿಗೂ ಅವರನ್ನು ಅಣಿಗೊಳಿಸುತ್ತದೆ.