ಹೊಲದ ರಾತ್ರಿಗೆ ಒಂದು ರಿವಾಲ್ವರ್: ನಾನು ಆರಿಸಿದ ಬಗೆ

ನಮ್ಮ ಹೊಲ ಇರುವುದು ಚಿಂಚೋಳಿ ದಾಟಿ ಕುಂಚಾವರಂ ಕಡೆಗೆ. ಕಲಬುರಗಿಯಿಂದ 80 ಕಿಲೋಮೀಟರ್‌ಗಿಂತ ಜಾಸ್ತಿ. ಮೇಲಿನ ಹೊಲದಲ್ಲಿ ತೊಗರಿ, ಬಾವಿ ಕೆಳಗೆ ಕಡಲೆ, ಉಳ್ಳಾಗಡ್ಡಿ. ಒಂದು ಬದಿಗೆ ಕಾಡು, ಇನ್ನೊಂದು ಬದಿಗೆ ಅರ್ಧ ಕಿಲೋಮೀಟರ್ ದೂರದವರೆಗೂ ಮನೆ ಇಲ್ಲ. ಫೋನ್ ಸಿಗ್ನಲ್ ಬೇಕೆಂದರೆ ದಿಬ್ಬ ಹತ್ತಬೇಕು. ತ್ರೀ ಫೇಸ್ ಕರೆಂಟ್ ವಾರ ಬಿಟ್ಟು ವಾರ ರಾತ್ರಿ ಪಾಳಿಗೆ ಬರುತ್ತದೆ. ಹಾಗಾಗಿ ನೀರು ಕಟ್ಟಲು ರಾತ್ರಿ ಒಬ್ಬನೇ ಹೋಗುವುದು ನನಗೆ ಹೊಸದಲ್ಲ.

2021ರ ನವೆಂಬರ್‌ನಲ್ಲಿ ಒಂದು ರಾತ್ರಿ ಬಾವಿ ಹತ್ತಿರ ಹೋದಾಗ ಮೂವರು ಮೋಟರ್ ಕೇಬಲ್ ಕತ್ತರಿಸುತ್ತಿದ್ದರು. ತಾಮ್ರಕ್ಕಾಗಿ ಹೀಗೆ ಕದಿಯುವುದು ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಕಾಟ. ನಾನು ಬ್ಯಾಟರಿ ಬಿಟ್ಟೆ. ಓಡುತ್ತಾರೆ ಅಂದುಕೊಂಡಿದ್ದೆ. ಒಬ್ಬ ಓಡಲಿಲ್ಲ. ಕೊಯ್ತಾ, ಅಂದರೆ ಮಚ್ಚು, ಹಿಡಿದು ನನ್ನ ಕಡೆಗೇ ನಡೆದು ಬಂದ. ನಾನು ತೊಗರಿ ಸಾಲಿನೊಳಗೆ ನುಗ್ಗಿ ಓಡಿದೆ. ಬೆಳಿಗ್ಗೆ ಠಾಣೆಗೆ ಹೋಗಿ ದೂರು ಕೊಟ್ಟೆ. ಅದರ ಪ್ರತಿಯನ್ನು ಜೋಪಾನವಾಗಿ ಇಟ್ಟುಕೊಂಡೆ. ಆ ಒಂದು ಹಾಳೆ ಮುಂದೆ ತುಂಬಾ ಕೆಲಸಕ್ಕೆ ಬಂತು.

ಕೈಬಂದೂಕು ಬೇಕು ಅಂತ ಮನೆಯಲ್ಲಿ ಹೇಳಿದಾಗ ಮೊದಲು ಬೇಡ ಅಂದವರು ನಮ್ಮ ಕಾಕಾ. "ಡಬಲ್ ನಳಿಗಿದು ತಗೋ ತಮ್ಮಾ. ಅದರ ಸಪ್ಪಳಕ್ಕೇ ಓಡಿ ಹೋಗ್ತಾವ" ಅಂದರು. ಅವರ ಮಾತಿನಲ್ಲಿ ತಥ್ಯ ಇತ್ತು. ಅವರು ಹೇಳಿದ 12 ಬೋರ್ ಉದ್ದ ಬಂದೂಕಿಗೆ (ಬೋರ್ ಅಂದರೆ ನಳಿಗೆಯ ಒಳ ಅಳತೆ) ಲೈಸೆನ್ಸ್ ಸಿಗುವುದೂ ಸ್ವಲ್ಪ ಸಲೀಸು. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಂ ಓದಿದರೆ ಗೊತ್ತಾಗುತ್ತದೆ. ರಕ್ಷಣೆಗೆ 20 ಇಂಚಿಗಿಂತ ಕಡಿಮೆ ಇಲ್ಲದ ನಳಿಗೆಯ ನಯವಾದ ಬೋರಿನ ಬಂದೂಕು, ಬೆಳೆ ಕಾಯಲು ಮದ್ದು ತುಂಬುವ ನಾಡಬಂದೂಕು, ಇವೆರಡನ್ನು ಕಾಯ್ದೆ ಬೇರೆಯಾಗಿ ನೋಡುತ್ತದೆ. ಉಳಿದ ಆಯುಧಗಳಿಗೆ ಸರಿಯಾದ ಕಾರಣ ಇದೆ ಎಂದು ಅಧಿಕಾರಿಗೆ ಮನವರಿಕೆ ಆಗಬೇಕು.

ಆದರೂ ನಾನು ಉದ್ದ ಬಂದೂಕು ಬೇಡ ಅಂದೆ. ನನ್ನ ಕೆಲಸ ನೋಡಿ. ಒಂದು ಕೈಯಲ್ಲಿ ಸಲಿಕೆ, ಇನ್ನೊಂದರಲ್ಲಿ ಬ್ಯಾಟರಿ. ವಾಲ್ವ್ ತಿರುಗಿಸಬೇಕು, ಪೈಪ್ ಎಳೆಯಬೇಕು, ಒಡ್ಡಿಗೆ ಮಣ್ಣು ಹಾಕಬೇಕು. ಉದ್ದ ಬಂದೂಕನ್ನು ಎಲ್ಲಿ ಇಡುವುದು? ಬೇವಿನ ಮರಕ್ಕೆ ಒರಗಿಸಿ 50 ಹೆಜ್ಜೆ ಆಚೆ ಹೋದರೆ ಅದು ನನ್ನ ಬಂದೂಕಲ್ಲ, ಮೊದಲು ಬಂದು ಎತ್ತಿಕೊಂಡವನದು. ಮೈಮೇಲೇ ಇರುವ, ಎರಡೂ ಕೈ ಕೆಲಸಕ್ಕೆ ಬಿಡುವ ಆಯುಧ ನನಗೆ ಬೇಕಿತ್ತು. ಕಾಕಾ ಅವರಂತೆ ಮಂಚಿಕೆ ಮೇಲೆ ಕೂತು ಹೊಲ ಕಾಯುವವರಾದರೆ 12 ಬೋರೇ ಸರಿ ಅಂತ ಈಗಲೂ ಹೇಳುತ್ತೇನೆ.

2022ರ ಜನವರಿಯಲ್ಲಿ ಎ-1 ನಮೂನೆಯಲ್ಲಿ ಜಿಲ್ಲಾಧಿಕಾರಿ ಕಚೇರಿಗೆ ಅರ್ಜಿ ಹಾಕಿದೆ. ದೂರಿನ ಪ್ರತಿ, ಪಹಣಿ, ಹೊಲ ಎಲ್ಲಿದೆ ಎಂದು ತೋರಿಸುವ ನಕಾಶೆ ಜೊತೆಗಿಟ್ಟೆ. ದೇಹ ಮತ್ತು ಮನಸ್ಸು ಎರಡೂ ಸರಿ ಇವೆ ಎಂದು ವೈದ್ಯರ ಪ್ರಮಾಣಪತ್ರ ಬೇಕು. ಪೊಲೀಸರ ವರದಿ ಬರಬೇಕು. ಮನೆಯಲ್ಲಿ ಬೀಗ ಹಾಕಿ ಇಡುವ ಜಾಗ ಇದೆಯಾ ಅಂತ ಕೇಳುತ್ತಾರೆ. ಪೊಲೀಸ್ ಇಲಾಖೆ ನಡೆಸುವ ನಾಗರಿಕ ಬಂದೂಕು ತರಬೇತಿಗೂ ಹೋದೆ. ಅಕ್ಟೋಬರ್‌ನಲ್ಲಿ ಲೈಸೆನ್ಸ್ ಕೈಗೆ ಬಂತು. 2019ರ ತಿದ್ದುಪಡಿ ಆದ ಮೇಲೆ ಲೈಸೆನ್ಸ್ ಅವಧಿ 3 ವರ್ಷದಿಂದ 5 ವರ್ಷಕ್ಕೆ ಏರಿದೆ. ಒಬ್ಬರ ಹೆಸರಲ್ಲಿ ಇರಬಹುದಾದ ಆಯುಧಗಳು ಮೂರರಿಂದ ಎರಡಕ್ಕೆ ಇಳಿದಿವೆ. ನನ್ನ ಲೈಸೆನ್ಸ್ ಕರ್ನಾಟಕಕ್ಕೆ ಮಾತ್ರ. ಕುಂಚಾವರಂ ಆಚೆಗೆ ತೆಲಂಗಾಣ. ಜಹೀರಾಬಾದ್‌ಗೋ ತಾಂಡೂರಿಗೋ ಹೋಗುವ ದಿನ ರಿವಾಲ್ವರ್ ತಿಜೋರಿಯಲ್ಲೇ ಇರುತ್ತದೆ.

ಇನ್ನು ಯಾವ ಗನ್ ಎಂಬ ಮಾತು. ಹೊರದೇಶದವರು ಮಾತಾಡುವ 9 ಎಂಎಂ ಪಿಸ್ತೂಲ್ ನಮಗೆ ಇಲ್ಲವೇ ಇಲ್ಲ. ಅದು ನಿಷೇಧಿತ ಬೋರ್. ಸಾಮಾನ್ಯ ಜನರ ಲೈಸೆನ್ಸಿಗೆ ಸಿಗುವ ಕೈಬಂದೂಕು ಅಂದರೆ ಹೆಚ್ಚಾಗಿ .32, ಇಲ್ಲವೇ .22 ಬೋರ್, ಇಂಚಿನ ಲೆಕ್ಕದಲ್ಲಿ. ಆದ್ದರಿಂದ ನನ್ನ ಮುಂದಿದ್ದ ಪ್ರಶ್ನೆ ಸಣ್ಣದು. .32ರಲ್ಲಿ ಪಿಸ್ತೂಲೋ, ರಿವಾಲ್ವರೋ?

ಬೆಂಗಳೂರಿನ ಒಂದು ಬಂದೂಕು ಅಂಗಡಿಯಲ್ಲಿ ಅರ್ಧ ದಿನ ಕಳೆದೆ. ಮೊದಲು ಕೈಗೆ ತೆಗೆದುಕೊಂಡದ್ದು ಅಶನಿ ಪಿಸ್ತೂಲ್. ಚಪ್ಪಟೆಯಾಗಿದೆ, ಸೊಂಟಕ್ಕೆ ಚೆನ್ನಾಗಿ ಅಂಟಿ ಕೂರುತ್ತದೆ. ನೋಡಲು ಇಷ್ಟವಾಯಿತು. ಆಮೇಲೆ ನನ್ನ ಕೈಯನ್ನು ನೆನೆಸಿಕೊಂಡೆ. ಹೊಲದಲ್ಲಿ ಈ ಕೈ ಒದ್ದೆ ಇರುತ್ತದೆ, ಕೆಸರಾಗಿರುತ್ತದೆ. ಪಿಸ್ತೂಲಿನಲ್ಲಿ ಮೊದಲ ಗುಂಡು ನಳಿಗೆಗೆ ಬರಬೇಕಾದರೆ ಮೇಲೆ ಹಿಂದಕ್ಕೆ ಜಾರುವ ಭಾಗ, ಅಂದರೆ ಸ್ಲೈಡ್, ಎಳೆದು ಬಿಡಬೇಕು. ಅದಕ್ಕೆ ಎರಡು ಕೈ ಬೇಕು. ಮೊದಲೇ ಎಳೆದು ಗುಂಡು ಏರಿಸಿಟ್ಟುಕೊಂಡು ಇಡೀ ರಾತ್ರಿ ಬಾಗುತ್ತಾ ಏಳುತ್ತಾ ಕೆಲಸ ಮಾಡಲು ನನಗೆ ಧೈರ್ಯವಿಲ್ಲ. ಒಂದು ಗುಂಡು ಸಿಡಿಯದೇ ಹೋದರೆ ಮತ್ತೆ ಸ್ಲೈಡ್ ಎಳೆದು ಅದನ್ನು ಹೊರಹಾಕಬೇಕು. ದಿನಾಲೂ ಅಭ್ಯಾಸ ಇರುವ ಪೊಲೀಸರಿಗೆ ಅದು ಕಷ್ಟವಲ್ಲ. ವರ್ಷಕ್ಕೆ ಒಂದೆರಡು ಸಲ ಗುಂಡು ಹಾರಿಸುವ ನನ್ನಂಥ ರೈತನಿಗೆ ಕತ್ತಲಲ್ಲಿ, ಎದೆ ಹೊಡೆದುಕೊಳ್ಳುವಾಗ, ಅದು ಆಗುವ ಕೆಲಸವಲ್ಲ.

ರಿವಾಲ್ವರ್‌ನಲ್ಲಿ ಇಷ್ಟೆಲ್ಲ ಇಲ್ಲ. ಟ್ರಿಗರ್ ಎಳೆದರೆ ಸಿಡಿಯುತ್ತದೆ. ಸಿಡಿಯಲಿಲ್ಲವೋ, ಇನ್ನೊಮ್ಮೆ ಎಳೆದರೆ ಗುಂಡು ತುಂಬಿದ ಚಕ್ರ ತಿರುಗಿ ಮುಂದಿನ ಗುಂಡು ಬರುತ್ತದೆ. ಒಂದೇ ಕೈ ಸಾಕು. ಟ್ರಿಗರ್ ಬಿಗಿಯಾಗಿದೆ ಅಂತ ಹಲವರು ದೂರುತ್ತಾರೆ. ನನಗೆ ಆ ಬಿಗಿ ಇಷ್ಟ. ಮನಸ್ಸು ಮಾಡಿ ಎಳೆಯದ ಹೊರತು ಅದು ಸುಮ್ನೆ ಹಾರುವುದಿಲ್ಲ.

ರಿವಾಲ್ವರ್‌ಗಳಲ್ಲೂ ಎರಡನ್ನು ಹೋಲಿಸಿ ನೋಡಿದೆ. ಒಂದು ನಿರ್ಭೀಕ್. 2014ರಲ್ಲಿ ಕಾನ್ಪುರದ ಸರ್ಕಾರಿ ಕಾರ್ಖಾನೆಯಿಂದ ಬಂದದ್ದು. ಹೆಣ್ಣುಮಕ್ಕಳಿಗೆಂದೇ ಮಾಡಿದ್ದು, ಸುಮಾರು ಅರ್ಧ ಕೆಜಿ ತೂಕ. ಹಗುರ ಅಂತ ಮೊದಲು ಆಸೆಯಾಯಿತು. ಹಿಡಿದರೆ ನನ್ನ ಕಿರುಬೆರಳು ಹಿಡಿಯಿಂದ ಕೆಳಗೆ ಜಾರಿತು. ಗನ್ ಹಗುರವಾದಷ್ಟೂ ಗುಂಡು ಹಾರುವಾಗಿನ ಒದೆತ ಕೈಗೆ ಜಾಸ್ತಿ ಹತ್ತುತ್ತದೆ. ಇನ್ನೊಂದು ಅದೇ ಕಾನ್ಪುರದ ಹಳೆಯ .32 ರಿವಾಲ್ವರ್. 3 ಇಂಚಿನ ನಳಿಗೆ, 6 ಗುಂಡು, ತೂಕ ಸುಮಾರು 700 ಗ್ರಾಂ. ಬ್ರಿಟಿಷರ ಹಳೆ ವೆಬ್ಲಿ ರಿವಾಲ್ವರ್ ಮಾದರಿಯಂತೆ ನಡುವೆ ಮುರಿದು ತೆರೆಯುತ್ತದೆ. ಪೂರ್ತಿ ತೆರೆದಾಗ ಖಾಲಿ ಕಾಡತೂಸುಗಳೆಲ್ಲ ಒಟ್ಟಿಗೆ ಮೇಲೆದ್ದು ಬರುತ್ತವೆ. ಒಳಗೆ ಗುಂಡಿದೆಯೋ ಇಲ್ಲವೋ ಎಂದು ಬ್ಯಾಟರಿ ಬೆಳಕಲ್ಲಿ ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಹಿಡಿ ನನ್ನ ಅಂಗೈ ತುಂಬಿತು. ಇದನ್ನೇ ತೆಗೆದುಕೊಂಡೆ. ಆಗ ಜಿಎಸ್‌ಟಿ 28 ಪರ್ಸೆಂಟ್ ಇತ್ತು, ಎಲ್ಲ ಸೇರಿ ಒಂದು ಲಕ್ಷ ದಾಟಿತು. ಮುಂದಿನ ವರ್ಷ, 2023ರ ಆಗಸ್ಟ್‌ನಲ್ಲಿ, ಅದೇ ಕಾನ್ಪುರದಿಂದ ಪ್ರಬಲ್ ಎಂಬ ರಿವಾಲ್ವರ್ ಬಂತು. ಅದರ ಚಕ್ರ ಪಕ್ಕಕ್ಕೆ ತೆರೆದುಕೊಳ್ಳುತ್ತದೆ. ಇವತ್ತು ಕೊಳ್ಳುವವರು ಅದನ್ನೂ ಕೈಯಲ್ಲಿ ಹಿಡಿದು ನೋಡಿ.

ಅಂಗಡಿಯಲ್ಲಿ ನಾನು ನೋಡಿದ್ದು ಇಷ್ಟು. ಮೊದಲು ತೆರೆದು ಖಾಲಿ ಅಂತ ಕಣ್ಣಾರೆ ನೋಡಿದೆ. ಮುಚ್ಚಿದ ಮೇಲೆ ನಡುವಿನ ಕೀಲು ಅಲುಗಾಡುತ್ತದೆಯೇ? ಚಕ್ರ ಎಷ್ಟು ಅಲ್ಲಾಡುತ್ತದೆ? ಚಕ್ರದಲ್ಲಿ ಗುಂಡು ಕೂರುವ ಆರೂ ಕೋಣೆಗಳು ನಳಿಗೆಗೆ ನೇರ ಬರುತ್ತವೆಯೇ? ಒಂದೇ ಮಾದರಿಯ ನಾಲ್ಕು ತರಿಸಿದೆ, ನಾಲ್ಕರ ಟ್ರಿಗರ್ ನಾಲ್ಕು ಥರ ಇತ್ತು. ಮಾಲೀಕರು ಬೇಜಾರು ಮಾಡಿಕೊಳ್ಳಲಿಲ್ಲ. "ನಿಧಾನಕ್ಕೆ ನೋಡಿ ಸಾರ್" ಅಂದರು. ಗುಂಡು ಕೊಳ್ಳುವಾಗ ಒಂದು ಎಚ್ಚರಿಕೆ ಬೇಕು. .32 ಪಿಸ್ತೂಲಿನ ಗುಂಡು ಬೇರೆ, .32 ರಿವಾಲ್ವರ್ ಗುಂಡು ಬೇರೆ. ಹೆಸರು ಒಂದೇ ಅಂತ ತಪ್ಪಾಗಿ ತರಬೇಡಿ.

ಮನೆಗೆ ತಂದ ಮೇಲೆ ಮೊದಲ ತೊಂದರೆ ಕೊಟ್ಟದ್ದು ಧೋತರ. ನಾನು ಹೊಲಕ್ಕೆ ಧೋತರದಲ್ಲೇ ಹೋಗುವವನು. 700 ಗ್ರಾಂ ಕಬ್ಬಿಣ ಅದರಲ್ಲಿ ನಿಲ್ಲುವುದಿಲ್ಲ. ರಾತ್ರಿ ಪಾಳಿಗೆ ಪ್ಯಾಂಟು, ದಪ್ಪ ಚರ್ಮದ ಬೆಲ್ಟು ಶುರುವಾಯಿತು. ಎರಡನೇ ತಪ್ಪು ನನ್ನದೇ. ರಿವಾಲ್ವರ್ ಇಟ್ಟು ಬೆಲ್ಟಿಗೆ ಕಟ್ಟಲು, ಅಗ್ಗಕ್ಕೆ ಸಿಕ್ಕಿತು ಅಂತ ಸಡಿಲವಾದ ಚೀಲ ಕೊಂಡಿದ್ದೆ. ಒಂದು ದಿನ ಬಾವಿ ಕಟ್ಟೆ ಮೇಲೆ ಬಾಗಿದಾಗ ರಿವಾಲ್ವರ್ ಜಾರಿ ಕಲ್ಲಿನ ಮೇಲೆ ಬಿತ್ತು. ಸಿಡಿಯಲಿಲ್ಲ, ಬಾವಿಗೂ ಬೀಳಲಿಲ್ಲ. ಅವತ್ತು ನನ್ನ ಕಾಲು ನಡುಗಿದಷ್ಟು ಕೊಯ್ತಾ ನೋಡಿದಾಗಲೂ ನಡುಗಿರಲಿಲ್ಲ. ಈಗಿನ ಚೀಲ ಟ್ರಿಗರ್ ಪೂರ್ತಿ ಮುಚ್ಚುತ್ತದೆ, ಮೇಲೆ ಗುಂಡಿ ಹಾಕುವ ಪಟ್ಟಿ ಇದೆ. ಗನ್‌ಗೆ ಲಕ್ಷ ಕೊಟ್ಟು ಚೀಲಕ್ಕೆ ಹಣ ಉಳಿಸಲು ಹೋಗಬೇಡಿ.

ಮೊದಲ ಮಳೆಗಾಲದಲ್ಲಿ ಇನ್ನೊಂದು ಕಲಿತೆ. ಚರ್ಮದ ಚೀಲದಲ್ಲೇ ತಿಜೋರಿಯೊಳಗೆ ಇಟ್ಟಿದ್ದೆ. ಚರ್ಮ ತೇವ ಹಿಡಿಯುತ್ತದೆ. ಎರಡು ವಾರಕ್ಕೆ ನಳಿಗೆ ಮೇಲೆ ಕೆಂಪು ಚುಕ್ಕೆ. ಈಗ ಒರೆಸಿ, ತೆಳ್ಳಗೆ ಎಣ್ಣೆ ಸವರಿ, ಒಣ ಬಟ್ಟೆಯಲ್ಲಿ ಸುತ್ತಿ ಇಡುತ್ತೇನೆ. ಬೇಸಿಗೆಯಲ್ಲಿ ಎಣ್ಣೆ ಕಡಿಮೆ. ನಮ್ಮ ಕಡೆ ಧೂಳು ಎಣ್ಣೆಗೆ ಅಂಟಿ ಹಿಟ್ಟಿನಂತೆ ಕೂತುಬಿಡುತ್ತದೆ.

ಈಗ ಪ್ರಾಣಿಗಳ ವಿಷಯ. ಚಿಂಚೋಳಿ ಕಾಡಿನಲ್ಲಿ ತೋಳ, ಕತ್ತೆಕಿರುಬ ಇವೆ, ಕಾಡುಹಂದಿಯಂತೂ ಹೊಲಕ್ಕೇ ಬರುತ್ತದೆ. ಇವುಗಳಿಗಾಗಿ .32 ಕೊಳ್ಳುತ್ತೇನೆ ಅನ್ನುವವರಿಗೆ ನಾನು ಬೇಡ ಅನ್ನುತ್ತೇನೆ. ಈ ರಿವಾಲ್ವರ್ ಗುಂಡಿನ ಬಲ 9 ಎಂಎಂ ಗುಂಡಿನ ಸುಮಾರು ಮೂರನೇ ಒಂದು ಪಾಲು. ನುಗ್ಗಿ ಬರುವ ಹಂದಿಯನ್ನು ಅದು ನಿಲ್ಲಿಸುವುದಿಲ್ಲ, ಗಾಯ ಮಾಡಿ ಇನ್ನಷ್ಟು ಕೆರಳಿಸುತ್ತದೆ. ತೋಳ, ಕಿರುಬ ಬೆಳಕು ಕಂಡರೆ ತಾವೇ ಸರಿಯುತ್ತವೆ. ಹಾವಿಗೆ ಗುಂಡು ಹೊಡೆಯುವುದು ಶುದ್ಧ ಹುಚ್ಚು. ಕಲ್ಲಿಗೆ ಬಡಿದ ಗುಂಡು ಎತ್ತ ಹಾರುತ್ತದೋ ಯಾರಿಗೂ ಗೊತ್ತಿಲ್ಲ. ಹಾವಿಗೆ ಮೊಣಕಾಲುದ್ದದ ಬೂಟು, ಉಳಿದವಕ್ಕೆ ಒಳ್ಳೆ ಬ್ಯಾಟರಿ ಮತ್ತು ಕಟ್ಟಿಗೆಯ ಬಡಿಗೆ. ಇವು ಮೂರೂ ಸೇರಿ ನನ್ನ ರಿವಾಲ್ವರ್ ಬೆಲೆಯ ಹತ್ತನೇ ಒಂದು ಪಾಲೂ ಆಗುವುದಿಲ್ಲ. ಆದರೆ ದಿನಾ ಕೆಲಸಕ್ಕೆ ಬರುವುದು ಇವೇ.

ಕಾನೂನನ್ನೂ ತಿಳಿದಿರಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 11ನೇ ಕಲಂ ಜೀವ ಉಳಿಸಿಕೊಳ್ಳಲು ಸದುದ್ದೇಶದಿಂದ ಮಾಡಿದ್ದನ್ನು ಅಪರಾಧ ಅನ್ನುವುದಿಲ್ಲ. ಬೆಳೆ ತಿಂದಿತು ಅಂತ ಹೊಡೆದರೆ ಆ ರಕ್ಷಣೆ ಇಲ್ಲ. ಅದೇ ಕಾಯ್ದೆಯ 31ನೇ ಕಲಂ ಪ್ರಕಾರ ಲಿಖಿತ ಅನುಮತಿ ಇಲ್ಲದೆ ಯಾವ ಆಯುಧವನ್ನೂ ಅಭಯಾರಣ್ಯದೊಳಗೆ ಒಯ್ಯುವಂತಿಲ್ಲ. ಚಿಂಚೋಳಿ ವನ್ಯಜೀವಿ ಧಾಮ ಘೋಷಣೆಯಾದದ್ದು 2011ರಲ್ಲಿ. ನನ್ನ ಹೊಲಕ್ಕೆ ಹತ್ತಿರದ ಕಾಲುದಾರಿ ಅದರ ಅಂಚಿನಲ್ಲೇ ಹೋಗುತ್ತದೆ. ರಿವಾಲ್ವರ್ ಕಟ್ಟಿಕೊಂಡ ರಾತ್ರಿ ನಾನು ಆ ದಾರಿ ಹಿಡಿಯುವುದಿಲ್ಲ. 3 ಕಿಲೋಮೀಟರ್ ಸುತ್ತು ಹಾಕಿ ಡಾಂಬರು ರಸ್ತೆಯಿಂದ ಬರುತ್ತೇನೆ.

ಮನುಷ್ಯರ ವಿಷಯದಲ್ಲಿ ಇನ್ನೂ ಬಿಗಿ. ಈಗಿನ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಕಲಂಗಳು ಸ್ವರಕ್ಷಣೆಯ ಹಕ್ಕನ್ನು ಹೇಳುತ್ತವೆ. ರಕ್ಷಣೆಗೆ ಎಷ್ಟು ಬೇಕೋ ಅದಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ ಎಂಬ ಮಾತೂ ಅಲ್ಲೇ ಇದೆ. ಕೇಬಲ್ ಹಿಡಿದು ಓಡುವವನ ಬೆನ್ನಿಗೆ ಗುಂಡು ಹೊಡೆದರೆ ಜೈಲಿಗೆ ಹೋಗುವವನು ನಾನು. ಕೇಬಲ್ ಮತ್ತೆ ಕೊಳ್ಳಬಹುದು, ಅಲ್ವಾ? ತಮ್ಮನ ಕೈಗೂ ರಿವಾಲ್ವರ್ ಕೊಡುವಂತಿಲ್ಲ, ಲೈಸೆನ್ಸ್ ನನ್ನ ಹೆಸರಿನದು. ಅವನ ಪಾಳಿ ಇದ್ದಾಗ ಇಬ್ಬರೂ ಹೋಗುತ್ತೇವೆ. ಚುನಾವಣೆ ಬಂದರೆ ಠಾಣೆಯಲ್ಲಿ ಜಮಾ ಮಾಡಬೇಕು. 2023ರ ವಿಧಾನಸಭೆಗೆ, 2024ರ ಲೋಕಸಭೆಗೆ ಎರಡೂ ಸಲ ರಸೀದಿ ಪಡೆದು ಕೊಟ್ಟು ಬಂದೆ. ಆ ವಾರಗಳಲ್ಲಿ ಬಡಿಗೆ, ಬ್ಯಾಟರಿ ಅಷ್ಟೇ.

ತರಬೇತಿ ಮೈದಾನದಲ್ಲಿ 5 ಮೀಟರ್‌ನಿಂದ ನನ್ನ ಗುಂಡುಗಳು ಒಂದು ರೊಟ್ಟಿಯ ಅಗಲದೊಳಗೆ ಬೀಳುತ್ತವೆ. 15 ಮೀಟರ್‌ಗೆ ಹಲಗೆಯನ್ನೇ ತಪ್ಪುತ್ತವೆ. "ಗೌಡ್ರೆ, ನಿಮ್ಮ ಅಂಗಳದಷ್ಟೇ ನಿಮ್ಮ ಗುರಿ" ಅಂದರು ಕಲಿಸುವ ಹವಾಲ್ದಾರರು. ಹೊಲದಲ್ಲಿ ಅಭ್ಯಾಸಕ್ಕೆಂದು ಒಂದು ಗುಂಡೂ ಹಾರಿಸಿಲ್ಲ. ಮನೆಯಲ್ಲಿ ಬಾಗಿಲು ಹಾಕಿ, ಗುಂಡುಗಳನ್ನು ಬೇರೆ ಕೋಣೆಯಲ್ಲಿಟ್ಟು, ಎಡಗೈಯಲ್ಲಿ ಬ್ಯಾಟರಿ ಹಿಡಿದು ಬಲಗೈಯಲ್ಲಿ ಚೀಲದಿಂದ ತೆಗೆಯುವುದನ್ನು ಅಭ್ಯಾಸ ಮಾಡುತ್ತೇನೆ.

2025ರ ಫೆಬ್ರವರಿಯಲ್ಲಿ ಮತ್ತೆ ಬಂದರು. ಎರಡು ಬೈಕು, ಲೈಟ್ ಆರಿಸಿದ್ದರು. ನಾನು ಪಂಪ್‌ಮನೆ ಗೋಡೆಯ ಹಿಂದೆ ನಿಂತು, ಚೀಲದ ಗುಂಡಿ ಬಿಚ್ಚಿ, ಹಿಡಿಯ ಮೇಲೆ ಕೈ ಇಟ್ಟುಕೊಂಡೆ. "ಯಾರ್ರೀ ಅದು? ಅಲ್ಲೇ ನಿಲ್ರಿ!" ಅಂತ ಕೂಗಿ ಬ್ಯಾಟರಿ ಬಿಟ್ಟೆ. ಈ ಸಲ ನನ್ನ ದನಿ ನಡುಗಲಿಲ್ಲ. ಒಂದು ಕ್ಷಣ ನಿಂತರು, ಬೈಕ್ ತಿರುಗಿಸಿದರು. ರಿವಾಲ್ವರ್ ಚೀಲದಿಂದ ಹೊರಗೆ ಬರಲೇ ಇಲ್ಲ. ಗುಂಡಿ ಮತ್ತೆ ಹಾಕಿ, ಬೆಳಗಿನ ಜಾವದವರೆಗೆ ಉಳ್ಳಾಗಡ್ಡಿಗೆ ನೀರು ಕಟ್ಟಿದೆ.