ಮಗ್ಗಲು ಬದಲಿಸಿದರೆ ತಲೆಸುತ್ತೇ? ಎಪ್ಲಿ ವಿಧಾನ ಹೀಗೆ

ಹಾಸಿಗೆಯಲ್ಲಿ ಮಗ್ಗಲು ಬದಲಿಸಿದಾಗ ಅಥವಾ ಅಟ್ಟದ ಮೇಲಿನ ಡಬ್ಬಿಗಾಗಿ ಕತ್ತೆತ್ತಿದಾಗ ಕೋಣೆಯೇ ಗಿರ್ರನೆ ತಿರುಗಿದಂತಾಗಿ, ಒಂದು ನಿಮಿಷದೊಳಗೆ ಕಡಿಮೆಯಾಗುವ ತಲೆಸುತ್ತಿಗೆ ಸಾಮಾನ್ಯವಾಗಿ ಒಳಕಿವಿಯೇ ಕಾರಣ. ಅಲ್ಲಿನ ಕ್ಯಾಲ್ಸಿಯಂ ಕಾರ್ಬೊನೇಟ್‌ನ ಸೂಕ್ಷ್ಮ ಹರಳುಗಳು ತಮ್ಮ ನೆಲೆಯಿಂದ ಕಳಚಿ, ತಲೆಯ ತಿರುಗುವಿಕೆಯನ್ನು ಗ್ರಹಿಸುವ ಅರ್ಧವೃತ್ತಾಕಾರದ ನಾಳಗಳೊಳಕ್ಕೆ, ಹೆಚ್ಚಾಗಿ ಹಿಂಬದಿಯ ನಾಳಕ್ಕೆ, ಜಾರಿರುತ್ತವೆ. ಇದನ್ನು ಪಿತ್ತವೆಂದೋ ಬಿ.ಪಿ.ಯೆಂದೋ ತಾವೇ ತೀರ್ಮಾನಿಸಿ ತಿಂಗಳುಗಟ್ಟಲೆ ಮಾತ್ರೆ ನುಂಗುವವರು ನಮ್ಮಲ್ಲಿ ಕಡಿಮೆಯೇನಿಲ್ಲ. ಮಾತ್ರೆ ವಾಕರಿಕೆಯನ್ನು ತಗ್ಗಿಸಬಹುದೇ ಹೊರತು ಹರಳನ್ನು ಕದಲಿಸಲಾರದು.

ಮೊದಲು ಯಾವ ಕಿವಿಯ ತೊಂದರೆಯೆಂದು ತಿಳಿಯಬೇಕು. ಕಿವಿ-ಮೂಗು-ಗಂಟಲು ವೈದ್ಯರು ಅಥವಾ ಈ ವಿಷಯದಲ್ಲಿ ತರಬೇತಿ ಪಡೆದ ಫಿಸಿಯೋಥೆರಪಿಸ್ಟ್ ರೋಗಿಯ ತಲೆಯನ್ನು ಒಂದು ಬದಿಗೆ ತಿರುಗಿಸಿ, ಥಟ್ಟನೆ ಮಲಗಿಸಿ, ಕಣ್ಣುಗುಡ್ಡೆಯ ಅದುರಾಟವನ್ನು ಗಮನಿಸುತ್ತಾರೆ. ಇದೇ ಡಿಕ್ಸ್-ಹಾಲ್‌ಪೈಕ್ ಪರೀಕ್ಷೆ. ತಲೆಸುತ್ತಿನ ಜೊತೆಗೆ ಮಾತು ತೊದಲುವುದು, ಎರಡೆರಡಾಗಿ ಕಾಣುವುದು, ಕೈಕಾಲಿನ ಬಲ ಕುಂದುವುದು ಅಥವಾ ನಡೆಯಲಾಗದಿರುವುದು ಕಂಡರೆ ಅದು ಪಾರ್ಶ್ವವಾಯುವಿನ ಲಕ್ಷಣವಿರಬಹುದಾದ್ದರಿಂದ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಹಿಂಬದಿಯ ನಾಳದ ತೊಂದರೆಗೆ ಅಮೆರಿಕದ ವೈದ್ಯ ಜಾನ್ ಎಪ್ಲಿ 1992ರಲ್ಲಿ ಪ್ರಕಟಿಸಿದ ವಿಧಾನ ಇಂದಿಗೂ ಮೊದಲ ಆಯ್ಕೆ. ತೊಂದರೆ ಬಲಗಿವಿಯದೆಂದುಕೊಳ್ಳೋಣ. ಮಲಗಿದಾಗ ಹೆಗಲಿನಡಿ ಬರುವಂತೆ ದಿಂಬನ್ನಿಟ್ಟು, ಮಂಚದ ಮೇಲೆ ಕಾಲು ಚಾಚಿ ಕುಳಿತು, ತಲೆಯನ್ನು 45 ಡಿಗ್ರಿ ಬಲಕ್ಕೆ ತಿರುಗಿಸಿ. ಅದೇ ಭಂಗಿಯಲ್ಲಿ, ತಲೆ ದಿಂಬಿನಾಚೆ ತುಸು ಹಿಂದಕ್ಕೆ ಬಾಗುವಂತೆ, ಬೇಗನೆ ಅಂಗಾತ ಮಲಗಿ. ಈಗ ತಲೆ ಸುತ್ತುತ್ತದೆ. ಗಾಬರಿಯಿಂದ ಎದ್ದು ಕೂರದೆ, ಸುತ್ತು ನಿಲ್ಲುವವರೆಗೆ, ಕನಿಷ್ಠ ಅರ್ಧ ನಿಮಿಷವಾದರೂ ಹಾಗೆಯೇ ಇರಬೇಕು. ಅವಸರಪಟ್ಟರೆ ಹರಳು ನಾಳದಲ್ಲಿ ಮುಂದಕ್ಕೆ ಜಾರಲು ಸಮಯ ಸಿಗುವುದಿಲ್ಲ. ಬಳಿಕ ತಲೆಯನ್ನು ಮೇಲೆತ್ತದೆ 90 ಡಿಗ್ರಿ ಎಡಕ್ಕೆ ಹೊರಳಿಸಿ, ಅಷ್ಟೇ ಹೊತ್ತು ಕಾಯಿರಿ. ಆಮೇಲೆ ಇಡೀ ಮೈಯನ್ನು ಎಡ ಮಗ್ಗುಲಿಗೆ ಹೊರಳಿಸಿ, ಮುಖ ಹಾಸಿಗೆಯತ್ತ ಇರುವಂತೆ ಮತ್ತೆ ಕಾಯ್ದು, ಗಲ್ಲವನ್ನು ಎದೆಯತ್ತ ಬಗ್ಗಿಸಿಕೊಂಡು ನಿಧಾನವಾಗಿ ಎದ್ದು ಕುಳಿತುಕೊಳ್ಳಿ. ಎಡಗಿವಿಯ ತೊಂದರೆಗೆ ದಿಕ್ಕುಗಳೆಲ್ಲ ಅದಲುಬದಲು.

ಮೊದಲ ಸಲ ಫಿಸಿಯೋಥೆರಪಿಸ್ಟರ ಬಳಿಯೇ ಮಾಡಿಸಿಕೊಂಡು ಕಲಿಯುವುದು ಲೇಸು. ಕತ್ತಿನ ಮೂಳೆ ಸವೆತ, ಅಕ್ಷಿಪಟಲದ ತೊಂದರೆ ಅಥವಾ ಕತ್ತಿನ ರಕ್ತನಾಳದ ಕಾಯಿಲೆ ಇರುವವರು ಮನೆಯಲ್ಲಿ ತಾವಾಗಿಯೇ ಪ್ರಯತ್ನಿಸಬಾರದು. ಅನೇಕರಿಗೆ ಒಂದೆರಡು ಸಲಕ್ಕೇ ಸುತ್ತು ನಿಲ್ಲುತ್ತದೆಯಾದರೂ ನಡೆಯುವಾಗ ತುಸು ತೇಲಿದಂತಾಗುವ ಅನುಭವ ಕೆಲವು ದಿನ ಉಳಿಯಬಹುದು; ಅದಕ್ಕೆ ನೋಟವನ್ನು ಒಂದೆಡೆ ನಿಲ್ಲಿಸಿ ತಲೆಯಾಡಿಸುವ ಮತ್ತು ಸಮತೋಲನ ಕಾಯುವ ವ್ಯಾಯಾಮಗಳನ್ನು ಹೇಳಿಕೊಡುತ್ತಾರೆ. ಈ ತಲೆಸುತ್ತು ಮರುಕಳಿಸುವುದುಂಟು, ಆಗ ಇನ್ನೊಂದು ಕಿವಿಯೂ ಕಾರಣವಾಗಿರಬಹುದಾದ್ದರಿಂದ, ಹಳೆಯ ದಿಕ್ಕಿನಲ್ಲೇ ವ್ಯಾಯಾಮ ಆರಂಭಿಸುವ ಮುನ್ನ ಮತ್ತೊಮ್ಮೆ ಪರೀಕ್ಷೆ ಮಾಡಿಸಿಕೊಳ್ಳಬೇಕು.